ದೇವರ ಕೋಣೆಯಲ್ಲಿರುವ ಚರಿತ್ರೆ



2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯದ ಮಠಕ್ಕೂ ಮನೆಗಳಿಗೂ ನುಗ್ಗಿದ್ದನ್ನು ನಮ್ಮ ಭಾಗದವರು ಮರೆತಿಲ್ಲ. 1671ರಲ್ಲಿ ರಾಯರು ಪ್ರವೇಶಿಸಿದ ಕಲ್ಲಿನ ಬೃಂದಾವನ ಆ ನೀರನ್ನು ತಾಳಿಕೊಂಡಿತು. ಆದರೆ ಕಾಗದ, ಬಣ್ಣ, ತಾಳೆಗರಿಗೆ ಅಂಥ ಶಕ್ತಿ ಇಲ್ಲ.

ನಮ್ಮ ಮನೆಗಳಲ್ಲೂ ಚರಿತ್ರೆ ಇದೆ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಮುದ್ರಣಾಲಯದ ಪಟಗಳು, ಹಿತ್ತಾಳೆ ವಿಗ್ರಹಗಳು, ಅಜ್ಜನ ಕಾಲದ ತಾಳೆಗರಿ ಕಟ್ಟುಗಳು ದೇವರ ಕೋಣೆಯಲ್ಲೋ ಅಟ್ಟದ ಮೇಲೋ ಇರುತ್ತವೆ.

ನೆನೆದ ಪಟವನ್ನು ಬಿಸಿಲಿಗೆ ಹಾಕಬಾರದು, ಕಾಗದ ಸುರುಟಿಕೊಂಡು ಬಣ್ಣ ಬಿರುಕು ಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಎರಡು ದಿನ ತಡವಾದರೆ ಬೂಷ್ಟು ಹಿಡಿಯುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯದೆ, ಬಲ್ಲವರಿಗೆ ತೋರಿಸಿ.

ತಾಳೆಗರಿಯ ಮೇಲೆ ಅಕ್ಷರಗಳನ್ನು ಕಂಟದಿಂದ ಕೊರೆದು ಮಸಿ ಸವರುತ್ತಿದ್ದರು. ಮಸಿ ತೊಳೆದುಹೋದರೂ ಕೊರೆದ ಗೆರೆ ಉಳಿದಿರುತ್ತದೆ. ಆದ್ದರಿಂದ ಖಾಲಿ ಗರಿ ಎಂದು ತಿಳಿದು ಹೊಳೆಗೆ ಬಿಡಬೇಡಿ.

ವಿಗ್ರಹಗಳಿಗೆ ನೀರಿಗಿಂತ ನಮ್ಮ ಕೈಯ ಭಯವೇ ಹೆಚ್ಚು. ಹುಣಸೆಹಣ್ಣಿನ ಹುಳಿ ಮತ್ತು ಇಟ್ಟಿಗೆ ಪುಡಿ ಹಚ್ಚಿ ಹಬ್ಬಹಬ್ಬಕ್ಕೂ ಉಜ್ಜಿದರೆ ಲೋಹವೇ ಸವೆಯುತ್ತದೆ. ತಲೆಮಾರುಗಳು ಕಳೆಯುವಷ್ಟರಲ್ಲಿ ದೇವರ ಕಣ್ಣು ಮೂಗು ಮಾಯ! ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಹಾಗೆಯೇ ಮುರಿದ ಕಲ್ಲಿನ ವಿಗ್ರಹಕ್ಕೆ ಸಿಮೆಂಟು ಮೆತ್ತಬೇಡಿ, ಪೇಂಟು ಬಳಿಯಬೇಡಿ. ಮುರಿದ ಚೂರನ್ನು ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಡಿ.

ಈ ಭಾನುವಾರ ಅಜ್ಜಿಯನ್ನು ಕೇಳಿ: ಈ ಪಟ ಯಾರು ತಂದದ್ದು, ಎಲ್ಲಿಂದ, ಯಾವಾಗ? ಉತ್ತರವನ್ನು ಚೀಟಿಯಲ್ಲಿ ಬರೆದಿಡಿ. ವಸ್ತು ಉಳಿದು ಅದರ ಕಥೆ ಹೋದರೆ ಅರ್ಧ ಚರಿತ್ರೆ ಹೋದಂತೆಯೇ.