ನೆಟ್ಟವರು, ನೋಡಿದವರು

ಇಂಗ್ಲೆಂಡಿನ ಚಳಿಗಾಲ ತೋಟವನ್ನು ಕಾಗದದ ಮೇಲೆ ಬರೆದುಕೊಳ್ಳುವ ಕಾಲ. ದಿಲ್ಲಿಯಲ್ಲಿ ಹಾಗಲ್ಲ, ಫೆಬ್ರುವರಿಯಲ್ಲಿ ಹೂ ಕಾಣಬೇಕಾದರೆ ಅಕ್ಟೋಬರಿನೊಳಗೆ ಬೀಜ ಬಿದ್ದು, ಚಳಿಯುದ್ದಕ್ಕೂ ಸಸಿ ಬೆಳೆಯಬೇಕು. ಏಪ್ರಿಲ್ ಬಿಸಿಲಿಗೆ ಎಲ್ಲವೂ ಮುಗಿಯುತ್ತದೆ.

ಇಲ್ಲಿ ವೈಸ್‌ರಾಯರ ಹೊಸ ಮನೆಯ ಹಿಂದೆ ಮೊಗಲ್ ಮಾದರಿಯ ತೋಟವನ್ನು ಬಯಸಿದ ಲೇಡಿ ಹಾರ್ಡಿಂಜ್ 1914ರಲ್ಲೇ ತೀರಿಕೊಂಡರು. ಲುಟ್ಯೆನ್ಸ್ ವಿನ್ಯಾಸವನ್ನು 1917ರಲ್ಲೇ ಅಂತಿಮಗೊಳಿಸಿದರೂ ಗಿಡಗಳು ನೆಲ ಕಂಡದ್ದು 1928–29ರಲ್ಲಿ. ಕಾಲುವೆ, ಕಾರಂಜಿ, ಕಲ್ಲುಹಾಸಿನ ಗೆರೆಗಳು ಲುಟ್ಯೆನ್ಸರವು. ಗಿಡಗಳ ಹೊಣೆ ತೋಟಗಾರಿಕೆಯ ನಿರ್ದೇಶಕ ವಿಲಿಯಂ ಮಸ್ಟೋ ಅವರದು. ಮಸ್ಟೋ ಹೆಸರು ಹೆಚ್ಚಾಗಿ ಕೇಳಿಬರದಿರುವುದು ನಮಗೆ ಅಚ್ಚರಿಯಲ್ಲ. ಕಡತದಲ್ಲಿ ಉಳಿಯುವುದು ಮೇಲಿನವರ ಸಹಿಯೇ.

ಈ ನಡುವೆ ಚೆಲ್ಮ್ಸ್‌ಫರ್ಡ್, ರೀಡಿಂಗ್ ಇಬ್ಬರೂ ಅವಧಿ ಮುಗಿಸಿ ಹಡಗು ಹತ್ತಿದ್ದರು. ಆ ಮನೆಗೆ ಮೊದಲು ವಾಸಕ್ಕೆ ಬಂದವರು ಇರ್ವಿನ್, 1929ರ ಡಿಸೆಂಬರಿನಲ್ಲಿ. 1931ರ ಏಪ್ರಿಲಿನಲ್ಲಿ ಅವರೂ ಹೊರಟರು. ಅವರ ಪಾಲಿಗೆ ಬಂದದ್ದು ಎರಡೇ ವಸಂತ.

ಸರಕಾರಿ ವಸತಿಗೃಹಗಳಲ್ಲಿ ಬಾಳುವ ನಮಗೆ ಈ ಲೆಕ್ಕ ಹೊಸದಲ್ಲ. ನಮ್ಮ ಅಂಗಳದ ಕರಿಬೇವಿನ ಗಿಡ ಹಿಂದೆ ಇದ್ದ ಯಾರೋ ನೆಟ್ಟದ್ದು. ದಿನವೂ ಒಗ್ಗರಣೆಗೆ ಅದನ್ನೇ ಕೀಳುತ್ತೇವೆ. ಈ ನವೆಂಬರಿನಲ್ಲಿ ಅದರ ಬುಡದ ಸುತ್ತ ಪ್ಯಾನ್ಸಿ ಸಸಿಗಳನ್ನು ಕೂರಿಸಿದ್ದೇವೆ. ವರ್ಗಾವಣೆಯ ಪಟ್ಟಿ ಇನ್ನೂ ಬಂದಿಲ್ಲ.