ಕುದುರೆ ಕುಂಟಿದ ಕಥೆ

ಮೊನ್ನೆ ಶನಿವಾರ ಬೆಳಗ್ಗೆ ಆಬರ್ನ್ ಊರಿಂದ ಕಣಿವೆಗೆ ಇಳಿದು, ನೋ ಹ್ಯಾಂಡ್ಸ್ ಬ್ರಿಡ್ಜ್ ಮುಟ್ಟಿ ವಾಪಸ್ ಓಡಿ ಬಂದೆ. ಓಡಿದೆ ಅನ್ನೋದು ಸ್ವಲ್ಪ ದೊಡ್ಡ ಮಾತಾಯಿತು. ಇಳಿಯುವಾಗ ಓಡಿದ್ದು ನಿಜ, ಹತ್ತುವಾಗ ಏದುಸಿರು ಬಿಡುತ್ತಾ ನಡೆದದ್ದು :-) ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋ ಕಡೆ ಇರುವ ನಮ್ಮಂಥ ವಾರಾಂತ್ಯದ ಓಟಗಾರರಿಗೆ ಈ ದಾರಿ ಒಂಥರಾ ಪುಣ್ಯಕ್ಷೇತ್ರ. 'ವೆಸ್ಟರ್ನ್ ಸ್ಟೇಟ್ಸ್' ಎಂಬ ನೂರು ಮೈಲಿ ಕಾಡುದಾರಿಯ ಓಟದ ಕೊನೆಯ ಭಾಗ ಇದೇ.

ನೂರು ಮೈಲಿ ಅಂದರೆ 160 ಕಿಲೋಮೀಟರು. ಬೆಂಗಳೂರಿಂದ ಮೈಸೂರಿಗಿಂತ ಜಾಸ್ತಿ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಯಾಕೋ, ಅಲ್ಲಿ ಬಸ್ಸಿಲ್ವಾ?" ಅಂದಳು.

ಈ ಓಟ ಹುಟ್ಟಿದ ಕಥೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಗೋರ್ಡಿ ಐನ್ಸ್ಲೀ ಅಂತ ಒಬ್ಬ ಗಡ್ಡದ ಆಸಾಮಿ ಕುದುರೆ ಓಟಕ್ಕೆ ಹೋದ, ಕುದುರೆ ಕುಂಟಿತು, 'ಹಾಳಾಗಿ ಹೋಗ್ಲಿ' ಅಂತ ತಾನೇ ಓಡಿಬಿಟ್ಟ. ಕೇಳಿದವರೆಲ್ಲ ನಗುತ್ತಿದ್ದರು. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ನಾನು ಹೇಳುತ್ತಿದ್ದದ್ದು ಅರ್ಧ ಕಥೆ, ಅದೂ ಸೊಟ್ಟ ಕಥೆ.

ಮೂಲದಲ್ಲಿ ಇದು ಕುದುರೆಗಳ ದಾರಿ. 1955ರಲ್ಲಿ ವೆಂಡೆಲ್ ರೋಬಿ ಎಂಬ ಆಬರ್ನ್‌ನ ಉದ್ಯಮಿ, ಒಂದೇ ದಿನದಲ್ಲಿ ಕುದುರೆ ನೂರು ಮೈಲಿ ಹೋಗಬಲ್ಲದು ಅಂತ ತೋರಿಸಲು ಕೆಲವು ಗೆಳೆಯರೊಡನೆ ಟಾಹೋ ಸರೋವರದ ಕಡೆಯಿಂದ ಹೊರಟ. ಅದೇ ಮುಂದೆ ಟೆವಿಸ್ ಕಪ್ ಸವಾರಿಯಾಯಿತು. 24 ಗಂಟೆಯೊಳಗೆ ಮುಗಿಸಿದವರಿಗೆ ಬೆಳ್ಳಿಯ ಬೆಲ್ಟ್ ಬಕಲ್. (ರೋಬಿಗೂ ಮುಂಚೆ ಈ ದಾರಿಯ ತುಣುಕುಗಳಲ್ಲಿ ವಾಶೋ ಮತ್ತು ಪಾಯೂಟ್ ಮೂಲನಿವಾಸಿಗಳು ನಡೆದಿದ್ದರು, ಆಮೇಲೆ ಚಿನ್ನ-ಬೆಳ್ಳಿ ಗಣಿಗಳವರು. ಅವರಿಗ್ಯಾರೂ ಬಕಲ್ ಕೊಡಲಿಲ್ಲ ಬಿಡಿ.)

ಗೋರ್ಡಿ 1971ರಲ್ಲೂ 1972ರಲ್ಲೂ ಕುದುರೆ ಮೇಲೆ ಇದನ್ನು ಮುಗಿಸಿದ್ದ. 1973ರಲ್ಲಿ ಹೊಸ ಕುದುರೆ 29ನೇ ಮೈಲಿಯ ರಾಬಿನ್ಸನ್ ಫ್ಲಾಟ್‌ನಲ್ಲಿ ಕುಂಟಿತು. ಅಲ್ಲಿಗೆ ಆ ವರ್ಷ ಮುಗಿಯಿತು. ಓಡಿದ್ದು ಅವತ್ತಲ್ಲ, ಮರುವರ್ಷ! ಸವಾರಿ ಸಂಘದ ಕಾರ್ಯದರ್ಶಿ, 1961ರಲ್ಲಿ ಟೆವಿಸ್ ಗೆದ್ದ ಮೊದಲ ಮಹಿಳೆ ಡ್ರೂಸಿಲ್ಲಾ ಬಾರ್ನರ್ ಅವರ ಪ್ರೋತ್ಸಾಹವೂ ಇತ್ತು. 1974ರ ಬೇಸಿಗೆಯಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ, ಕುದುರೆಗಳ ಜೊತೆಗೇ ಹೊರಟು 23 ಗಂಟೆ 42 ನಿಮಿಷಕ್ಕೆ ಆಬರ್ನ್ ಮುಟ್ಟಿದ.

ಇಲ್ಲಿಯವರೆಗೆ ಸರಿ. ಆದರೆ ಈ ದಾರಿಯನ್ನು ಕಾಲ್ನಡಿಗೆಯಲ್ಲಿ ಮುಗಿಸಿದವರಲ್ಲಿ ಗೋರ್ಡಿ ಮೊದಲಿಗನಲ್ಲ!

1972ರಲ್ಲಿ ಕಾನ್ಸಾಸ್‌ನ ಫೋರ್ಟ್ ರೈಲಿಯಿಂದ 20 ಜನ ಸೈನಿಕರು ಬಂದು ಇದೇ ದಾರಿಯಲ್ಲಿ ಹೊರಟಿದ್ದರು. 7 ಜನ ಎರಡು ದಿನದೊಳಗೆ ಆಬರ್ನ್ ಮುಟ್ಟಿದರು. ಮೊದಲ ಬಾರಿ ಕಾಲಲ್ಲೇ ಮುಗಿಸಿದವರು ಅಂತ ಆಗ ಗೌರವವೂ ಸಿಕ್ಕಿತ್ತು. ಆ ವರ್ಷ ಗೋರ್ಡಿ ಕುದುರೆ ಮೇಲೆ ಇದೇ ದಾರಿಯಲ್ಲಿದ್ದ ಅನ್ನೋದನ್ನು ಮರೆಯಬೇಡಿ. ಆಮೇಲೆ ದಶಕಗಟ್ಟಲೆ ಕಥೆ ಹೇಳಿದವರೆಲ್ಲ (ನಾನೂ ಸೇರಿ) ಈ ಏಳು ಜನರನ್ನು ಬಿಟ್ಟೇಬಿಟ್ಟೆವು. ಕುಂಟ ಕುದುರೆ, ಗಡ್ಡ, ಒಬ್ಬಂಟಿ ಹಟಮಾರಿ... ಇಷ್ಟಿದ್ದರೆ ಕಥೆ ಚೆನ್ನಾಗಿ ಓಡುತ್ತೆ. ಸಮವಸ್ತ್ರದ ಏಳು ಜನ ಇದ್ದರೆ ಓಡಲ್ಲ.

ಹಾಗಂತ ಗೋರ್ಡಿಯದು ಸುಳ್ಳು ಹೆಗ್ಗಳಿಕೆ ಅಂತ ನಾನು ಹೇಳಲಾರೆ. ಸೈನಿಕರಿಗೆ ಬೇರೆ ಗಡುವು, ಅವನು ಹಿಡಿದದ್ದು ಕುದುರೆಯ ಗಡುವನ್ನೇ. 24 ಗಂಟೆ ಅನ್ನುವ ಅಳತೆ ಓಟಗಾರರ ಪಾಲಿಗೆ ಬಂದದ್ದು ಹಾಗೆ. 1977ರಲ್ಲಿ ಮೊದಲ ಅಧಿಕೃತ ಓಟ, ಅದೂ ಕುದುರೆಗಳ ಜೊತೆಗೇ. 14 ಜನ ಹೊರಟು ಮೂವರು ಮುಗಿಸಿದರು. 24 ಗಂಟೆಯೊಳಗೆ ಬಂದದ್ದು ಆಂಡಿ ಗೊಂಜಾಲೆಸ್ ಒಬ್ಬನೇ, 22 ಗಂಟೆ 57 ನಿಮಿಷ. ಉಳಿದಿಬ್ಬರು 28 ಗಂಟೆ 36 ನಿಮಿಷಕ್ಕೆ ಜೊತೆಯಾಗಿ ಬಂದರು. ಅವರಲ್ಲೊಬ್ಬರು 54 ವರ್ಷದ ರಾಲ್ಫ್ ಪಾಫೆನ್‌ಬಾರ್ಗರ್. ವ್ಯಾಯಾಮ ಮಾಡುವವರಿಗೆ ಹೃದಯಾಘಾತ ಕಡಿಮೆ ಅಂತ ಹಾರ್ವರ್ಡ್‌ನ ಹಳೆ ವಿದ್ಯಾರ್ಥಿಗಳ ಅಧ್ಯಯನದಿಂದ ತೋರಿಸಿಕೊಟ್ಟ ವಿಜ್ಞಾನಿ ಇವರೇ! ಇವರಿಬ್ಬರಿಂದಾಗಿ 30 ಗಂಟೆಯ ಗಡುವು ಹುಟ್ಟಿತು. ನನಗೆ ಗೋರ್ಡಿಗಿಂತ ಇವರೇ ಹೆಚ್ಚು ಹತ್ತಿರದವರು ಅನ್ಸುತ್ತೆ. ಆ ಆರು ಗಂಟೆ ಇಲ್ಲದಿದ್ದರೆ ಸಾಧಾರಣ ಜನ ಈ ಓಟದ ಕನಸೂ ಕಾಣುವಂತಿರಲಿಲ್ಲ. 1978ರಲ್ಲಿ ಓಟ ಕುದುರೆಗಳಿಂದ ಬೇರೆಯಾಯಿತು. ಪ್ಯಾಟ್ ಸ್ಮೈದ್ ಎಂಬಾಕೆ 29 ಗಂಟೆ 34 ನಿಮಿಷಕ್ಕೆ ಬಂದು, ಮುಗಿಸಿದ ಮೊದಲ ಹೆಂಗಸಾದಳು. 2015ರಲ್ಲಿ 70 ವರ್ಷದ ಗುನ್‌ಹಿಲ್ಡ್ ಸ್ವಾನ್ಸನ್ ಮುಗಿಸಿದಾಗ ಗಡುವಿಗೆ ಉಳಿದಿದ್ದದ್ದು ಬರೀ 6 ಸೆಕೆಂಡು.

ಶನಿವಾರ ಸೇತುವೆಯ ಹತ್ತಿರ ಇದನ್ನೆಲ್ಲ ಯೋಚಿಸುತ್ತಾ ನಿಂತಿದ್ದೆ. ಎದುರಿಂದ ಇಬ್ಬರು ಹೆಂಗಸರು ಕುದುರೆ ಮೇಲೆ ಬಂದರು. ಈ ದಾರಿಯಲ್ಲಿ ಓಡುವವರು ಕುದುರೆಗೆ ಜಾಗ ಬಿಡಬೇಕು, ಇವತ್ತಿಗೂ ಅದೇ ನಿಯಮ. ಪಕ್ಕಕ್ಕೆ ಸರಿದು ನಿಂತೆ.