ಉಪದೇಶಿ: ಮೈಸೂರು ಮಿಷನ್ನಿನ ಗೃಹಸ್ಥ ಸೇವಕ

ಮೈಸೂರು ಸೀಮೆಯ ಕಥೋಲಿಕ ಕ್ರೈಸ್ತರಲ್ಲಿ ಉಪದೇಶಿ ಎಂದರೆ ಹೆಂಡತಿ ಮಕ್ಕಳೊಡನೆ ಊರಲ್ಲೇ ಇದ್ದು, ಪಾದ್ರಿಗಳಿಲ್ಲದ ದಿನಗಳಲ್ಲಿ ಅಲ್ಲಿನ ಕ್ರೈಸ್ತರ ಧರ್ಮಕಾರ್ಯ ನೋಡಿಕೊಳ್ಳುತ್ತಿದ್ದ ಗೃಹಸ್ಥ. ಭಾನುವಾರ ಜನರನ್ನು ಕೂಡಿಸಿ ಜಪ ಹೇಳಿಸುವುದು, ಮಕ್ಕಳಿಗೂ ಹೊಸಬರಿಗೂ ಧರ್ಮಪಾಠ ಕಲಿಸುವುದು, ಪ್ರಾಣ ಹೋಗುವಂತಿರುವ ಕೂಸಿಗೆ ಜ್ಞಾನಸ್ನಾನ ಕೊಡುವುದು, ಸತ್ತವರನ್ನು ಮಣ್ಣು ಮಾಡುವಾಗ ಪ್ರಾರ್ಥನೆ ಹೇಳುವುದು ಅವನ ಪಾಲಿನ ಕೆಲಸ. ಬಲಿಪೂಜೆ ಅರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ಅವನಿಗಿರಲಿಲ್ಲ. ಚರ್ಚಿನ ಶ್ರೇಣಿಯಲ್ಲಿ ಡೀಕನ್ ಎಂಬ ಪದವಿಗೆ ಸೇರಿದ ಹೊಣೆಗಳಲ್ಲಿ ಹಲವನ್ನು ಮೈಸೂರಿನಲ್ಲಿ ಯಾವ ದೀಕ್ಷೆಯೂ ಇಲ್ಲದೆ ಹೊತ್ತವನು ಇವನೇ.

ಬಿಷಪ್, ಗುರು (ಪಾದ್ರಿ), ಡೀಕನ್ ಎಂಬ ಮೂರು ದೀಕ್ಷೆಗಳಲ್ಲಿ ಡೀಕನನದು ಮೊದಲ ಮೆಟ್ಟಿಲು. ಇದರ ಮೂಲವನ್ನು ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯದಲ್ಲಿ ಗುರುತಿಸುವುದು ರೂಢಿ. ಜೆರುಸಲೇಮಿನ ವಿಧವೆಯರಿಗೆ ದಿನದ ಊಟ ಹಂಚುವುದರಲ್ಲಿ ತಾರತಮ್ಯವಾಯಿತೆಂದು ದೂರು ಬಂದಾಗ, ಆ ಕೆಲಸಕ್ಕೆಂದು ಸ್ತೆಫಾನನೂ ಸೇರಿ ಏಳು ಮಂದಿಯನ್ನು ಆರಿಸಲಾಯಿತು. ಕಾರ್ಕಳದ ಅತ್ತೂರಿನಲ್ಲಿ ಪ್ರತಿವರ್ಷ ಸಾಂತ್ಮಾರಿ ಜಾತ್ರೆಗೆ ಸೇರುವ ಎಲ್ಲ ಜಾತಿ ಮತದ ಜನ ಹರಕೆ ಹೊತ್ತುಕೊಳ್ಳುವ ಸಂತ ಲಾರೆನ್ಸರೂ ಡೀಕನ್ನೇ. ರೋಮಿನ ಸಭೆಯ ಬಡವರ ನಿಧಿ ಅವರ ಕೈಯಲ್ಲಿತ್ತು, ಕ್ರಿ.ಶ. 258ರಲ್ಲಿ ಅವರ ಕೊಲೆಯಾಯಿತು. ಮುಂದೆ ಮಧ್ಯಯುಗದ ಹೊತ್ತಿಗೆ ಪಶ್ಚಿಮದ ಚರ್ಚಿನಲ್ಲಿ ಡೀಕನ್ ಆಗಿಯೇ ಬಾಳು ಮುಗಿಸುವವರು ವಿರಳವಾದರು. ಗುರುವಾಗಲು ಹೊರಟವನು ದಾರಿಯಲ್ಲಿ ಕೆಲವು ತಿಂಗಳು ತಂಗುವ ಪದವಿಯಾಗಿ ಅದು ಉಳಿಯಿತು. ಮೈಸೂರಿಗೆ ಕಥೋಲಿಕ ಧರ್ಮ ಬಂದಾಗಲೂ ಸ್ಥಿತಿ ಹಾಗೆಯೇ ಇತ್ತು.

ಇಟಲಿಯ ಜೆಸ್ವಿಟ್ ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ರಾಜಧಾನಿ ಶ್ರೀರಂಗಪಟ್ಟಣದಲ್ಲಿ ಮಿಷನ್ ಆರಂಭಿಸಿದರು. ಮಧುರೆಯಲ್ಲಿ ರಾಬರ್ಟೊ ಡಿ ನೊಬಿಲಿ ಹಾಕಿಕೊಟ್ಟಿದ್ದ ದಾರಿ ಹಿಡಿದು ಕಾವಿ ತೊಟ್ಟು ಸನ್ಯಾಸಿಯಂತೆ ಬಾಳಿದರು. ಕನ್ನಡದಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು. ಈ ಬಗೆಯ ಬದುಕು ಜನರ ಗೌರವ ಗಳಿಸಿಕೊಟ್ಟರೂ ಅದಕ್ಕೊಂದು ಮಿತಿ ಇತ್ತು. ಸನ್ಯಾಸಿ ಮಠದ ಮನುಷ್ಯ. ಮದುವೆ, ಬಾಣಂತನ, ಸಾವು, ಅಣ್ಣತಮ್ಮಂದಿರ ಜಗಳ ಇವೆಲ್ಲ ನಡೆಯುವುದು ಮನೆಯೊಳಗೆ. ಅಲ್ಲಿಗೆ ಸಲೀಸಾಗಿ ಹೋಗಿಬರಲು ಅದೇ ಊರಿನ, ಅದೇ ನಂಟಿನ ಗೃಹಸ್ಥನೇ ಬೇಕು. ಕೆಲವೇ ಮಂದಿ ಪಾದ್ರಿಗಳಿಗೆ ಹತ್ತಾರು ದಿನದ ನಡಿಗೆಯಷ್ಟು ಹರಡಿದ್ದ ಊರುಗಳು ಬೇರೆ. ಉಪದೇಶಿಯ ಹುದ್ದೆ ಹುಟ್ಟಿದ್ದು ಈ ಅಗತ್ಯದಿಂದ.

ಪಾದ್ರಿಗಳೇ ಇಲ್ಲದ ಕಾಲ ಬಂದಾಗ ಈ ಏರ್ಪಾಟಿನ ಬೆಲೆ ತಿಳಿಯಿತು. 1773ರಲ್ಲಿ ಪೋಪರು ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದರು. ಅವರ ಜಾಗಕ್ಕೆ ಪ್ಯಾರಿಸಿನ ವಿದೇಶಿ ಮಿಷನ್ ಸಂಘದ ಫ್ರೆಂಚ್ ಪಾದ್ರಿಗಳು ಬರಬೇಕಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಸೆರೆಯಿಂದ ತಪ್ಪಿಸಿಕೊಂಡು ಕೊಡಗಿಗೆ ಹೋದವರಿಗೆ ಅಲ್ಲಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನ ಚರ್ಚಿನ ಚರಿತ್ರೆ 1792ರಿಂದ ಆರಂಭವಾಗುತ್ತದೆ. ಸೆರೆಯ ಆ ವರ್ಷಗಳಲ್ಲಿ ಧರ್ಮ ಉಳಿದದ್ದು ಬಲಿಪೂಜೆಯಿಂದಲ್ಲ, ಮನೆಯಲ್ಲಿ ಹೇಳಿಕೊಟ್ಟ ಜಪದಿಂದ. ನೀರು ಸುರಿದು ಪಿತ, ಸುತ, ಪವಿತ್ರಾತ್ಮರ ಹೆಸರಿನಲ್ಲಿ ಜ್ಞಾನಸ್ನಾನ ಕೊಡುವುದನ್ನು ತುರ್ತಿನಲ್ಲಿ ಯಾರು ಬೇಕಾದರೂ, ಸೂಲಗಿತ್ತಿ ಕೂಡ, ಮಾಡಬಹುದೆಂಬುದು ಚರ್ಚಿನ ಹಳೆಯ ನಿಯಮ. ಚದುರಿಹೋದ ಸಮುದಾಯಗಳನ್ನು ಹಿಡಿದಿಟ್ಟದ್ದರಲ್ಲಿ ಈ ನಿಯಮದ ಪಾಲು ದೊಡ್ಡದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದ ಫ್ರೆಂಚ್ ಪಾದ್ರಿ ಅಬೆ ದುಬುವಾ ಚದುರಿದವರನ್ನು ಮತ್ತೆ ಒಟ್ಟುಗೂಡಿಸಿದರು. ದೇಶದವರಂತೆ ಉಡುಪು ತೊಟ್ಟು, ಊಟ ಮಾಡಿ, ಜನರಿಂದ ದೊಡ್ಡಸ್ವಾಮಿ ಎನ್ನಿಸಿಕೊಂಡ ಅವರು ಹಾಸನದ ಹತ್ತಿರದ ಸಾತಹಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳಿಗೆ ನೆಲೆ ಮಾಡಿಕೊಟ್ಟರು; ಸಿಡುಬಿನ ಲಸಿಕೆ ಹಾಕಿಸುವ ಕೆಲಸಕ್ಕೂ ನಿಂತರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಗ್ರಂಥ 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. 1823ರಲ್ಲಿ ದೇಶ ಬಿಟ್ಟ ವರ್ಷವೇ ಪ್ರಕಟವಾದ ಪತ್ರಗಳ ಪುಸ್ತಕದಲ್ಲಿ, ಭಾರತದಲ್ಲಿ ಮತಾಂತರದ ಪ್ರಯತ್ನ ಫಲಿಸುವುದಿಲ್ಲವೆಂದು ಖಡಾಖಂಡಿತವಾಗಿ ಹೇಳಿದರು. ಹೊಸಬರು ಸೇರುವ ಬಗ್ಗೆ ಅವರ ನಿರಾಶೆ ಏನೇ ಇರಲಿ, ಇದ್ದವರು ಉಳಿದರು. ಅವರನ್ನು ಉಳಿಸಿದವರ ಹೆಸರು ಯಾವ ಗ್ರಂಥದಲ್ಲೂ ಎದ್ದು ಕಾಣುವುದಿಲ್ಲ.

ಉಪದೇಶಿಯ ಸಂಸಾರ ಸಾಗಿದ್ದು ಹೇಗೆಂಬುದೂ ಇಲ್ಲಿ ಮುಖ್ಯ. ಮಿಷನ್ನಿನಿಂದ ಸಿಗುತ್ತಿದ್ದುದು ಅಲ್ಪ. ಉಳಿದದ್ದಕ್ಕೆ ಹೊಲವೋ ಕಸುಬೋ ಶಾಲೆಯ ಮೇಷ್ಟರ ಕೆಲಸವೋ ಆಸರೆ. ಮಿಷನ್ ಶಾಲೆಗಳು ಹೆಚ್ಚಿದಂತೆ ಹಳ್ಳಿಯಲ್ಲಿ ಹಗಲು ಅಕ್ಷರ ಕಲಿಸುವ ಮೇಷ್ಟರೇ ಸಂಜೆ ಜಪಸರ ಹಿಡಿದು ಕೂರುವುದು ಸಾಮಾನ್ಯವಾಯಿತು. ಅವನ ಬಾಳ್ವೆಯೇ ಅವನ ಯೋಗ್ಯತಾಪತ್ರ: ಹೆಂಡತಿಯೊಡನೆ ಹೇಗಿದ್ದಾನೆ, ಸಾಲ ಮಾಡಿದ್ದಾನೆಯೇ, ಕುಡಿಯುತ್ತಾನೆಯೇ ಎಂಬುದು ಊರಿಗೆಲ್ಲ ಗೊತ್ತು. ಸೆಮಿನರಿಯ ಗೋಡೆಯೊಳಗೆ ಕಲಿತು ಬಂದವರಿಗೆ ಇಲ್ಲದ ಈ ಪರೀಕ್ಷೆಯನ್ನು ಅವನು ದಿನವೂ ಎದುರಿಸಬೇಕಿತ್ತು.

19ನೆಯ ಶತಮಾನದಲ್ಲಿ ಮಿಷನ್ ಗಟ್ಟಿಯಾದಂತೆ ಬರವಣಿಗೆಯ ಬಲವೂ ಬಂತು. 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್, ಅಂದರೆ ಧರ್ಮಕ್ಷೇತ್ರಕ್ಕೆ ಮುಂಚಿನ ಹಂತದ ಮಿಷನ್ ಪ್ರಾಂತ, ಆಯಿತು. ಬಿಷಪ್ ಶಾರ್ಬೊನೊ ಅವರ ಕಾಲದಲ್ಲಿ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಕನ್ನಡ, ಲ್ಯಾಟಿನ್ ನಿಘಂಟುಗಳು ಹೊರಬಂದವು. 1886ರಲ್ಲಿ ಮೈಸೂರು ಧರ್ಮಕ್ಷೇತ್ರವಾಯಿತು. ಬಿಷಪ್ಪರು ಮಾತ್ರ ಬೆಂಗಳೂರಿನಲ್ಲೇ ಇದ್ದರು. 1940ರಲ್ಲಿ ಬೆಂಗಳೂರು ಬೇರೆಯಾದ ನಂತರವೇ ಮೈಸೂರು ನಗರಕ್ಕೆ ತನ್ನದೇ ಬಿಷಪ್ಪರು ದೊರೆತದ್ದು.

ಹಳ್ಳಿಯ ಉಪದೇಶಿಗೆ ಹೋಲಿಸಿದರೆ ನಗರದ ಗೃಹಸ್ಥ ಕ್ರೈಸ್ತರ ಪಾತ್ರ ಬೇರೆ ಬಗೆಯದು. ಅದು ಅರಮನೆ, ಕಚೇರಿಗಳ ಮೂಲಕ ನಡೆಯಿತು. ತಿರುಚಿನಾಪಳ್ಳಿಯ ಮೂಲದ ಟಿ.ಆರ್.ಎ. ತಂಬುಚೆಟ್ಟಿ (1837–1907) ಮೈಸೂರು ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾದರು, ಶೇಷಾದ್ರಿ ಅಯ್ಯರ್ ರಜೆಯಲ್ಲಿದ್ದಾಗ ದಿವಾನಗಿರಿ ವಹಿಸಿಕೊಂಡರು, ರಾಜಧರ್ಮಪ್ರವೀಣ ಎಂಬ ಬಿರುದು ಪಡೆದರು. ಅದೇ ಮನೆತನದ ಟಿ. ತಂಬುಚೆಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾರ್ಯದರ್ಶಿ. ಸಂತ ಫಿಲೋಮಿನಾ ಅವರ ಅವಶೇಷವನ್ನು ಪೋಪರ ಪ್ರತಿನಿಧಿ ಪೀಟರ್ ಪಿಸಾನಿ ಅವರಿಂದ ತಂದು ಫಾದರ್ ಕೊಷೆ ಅವರಿಗೆ ಒಪ್ಪಿಸಿದವರು ಇವರೇ. ಮುಮ್ಮಡಿ ಕೃಷ್ಣರಾಜ ಒಡೆಯರು 1843ರಲ್ಲಿ ಕಟ್ಟಿಸಿಕೊಟ್ಟಿದ್ದ ಚರ್ಚಿನ ಜಾಗದಲ್ಲಿ, ಫಿಲೋಮಿನಾ ಅವರ ಹೆಸರಿನ ಹೊಸ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ನಾಲ್ವಡಿಯವರು ಅಡಿಗಲ್ಲು ಹಾಕಿದರು. ನೆಲಮಾಳಿಗೆಯಲ್ಲಿ ಆ ಅವಶೇಷ ಈಗಲೂ ಇದೆ. ಅಶೋಕ ರಸ್ತೆಯ ಜೋಡಿ ಗೋಪುರ ನೋಡಲು ಬರುವವರಿಗೆ ರಾಜರ ಹೆಸರೂ ಮೈಸೂರಿನ ಬಿಷಪ್ ಫ್ಯೂಗಾ ಅವರ ಹೆಸರೂ ಕೇಳಿಸುತ್ತವೆ. ಎರಡು ಕಡೆಯ ನಡುವೆ ಓಡಾಡಿದ ಕಾರ್ಯದರ್ಶಿಯ ಹೆಸರು ಅಷ್ಟಾಗಿ ಕೇಳಿಸುವುದಿಲ್ಲ.

ಉಪದೇಶಿಯಂಥ ಗೃಹಸ್ಥರ ಸೇವೆಗೆ ದೀಕ್ಷೆಯ ಬಾಗಿಲು ತೆರೆದದ್ದು ಎರಡನೆಯ ವ್ಯಾಟಿಕನ್ ಮಹಾಸಭೆ. ಡೀಕನ್ ಪದವಿಯನ್ನು ಶಾಶ್ವತ ಪದವಿಯಾಗಿ ಮತ್ತೆ ತರಬಹುದೆಂದು 1964ರಲ್ಲಿ ಅದು ನಿರ್ಣಯಿಸಿತು. ಮಿಷನ್ ಕಾರ್ಯವನ್ನು ಕುರಿತ 1965ರ ಆದೇಶ ಇನ್ನೂ ಮುಂದೆ ಹೋಯಿತು: ಉಪದೇಶಿಗಳಾಗಿ ದೇವರ ವಾಕ್ಯ ಸಾರುವ, ದೂರದ ಊರುಗಳ ಕ್ರೈಸ್ತರನ್ನು ಪಾದ್ರಿಯ ಪರವಾಗಿ ನಡೆಸುವ ಗಂಡಸರು ಹೇಗೂ ಡೀಕನರ ಕೆಲಸವನ್ನೇ ಮಾಡುತ್ತಿರುವುದರಿಂದ ಅವರಿಗೆ ಹಸ್ತನಿಕ್ಷೇಪದ ದೀಕ್ಷೆ ಕೊಡುವುದು ಒಳಿತೆಂದಿತು. ಮೈಸೂರು ಮಿಷನ್ನಿನ ಮೂರು ಶತಮಾನಗಳ ಅನುಭವಕ್ಕೆ ಇಷ್ಟು ನೇರವಾಗಿ ಒಪ್ಪುವ ಮಾತು ಮಹಾಸಭೆಯ ಕಡತಗಳಲ್ಲಿ ಇನ್ನೊಂದಿಲ್ಲ. 1967ರಲ್ಲಿ ಪೋಪ್ ಆರನೆಯ ಪೌಲರು ಇದಕ್ಕೆ ನಿಯಮಗಳನ್ನು ಹೊರಡಿಸಿದರು.

ಈಗಿರುವ ಚರ್ಚಿನ ಕಾನೂನಿನಂತೆ ಮದುವೆಯಾದವನು ಶಾಶ್ವತ ಡೀಕನ್ ಆಗಲು ಕನಿಷ್ಠ 35 ವರ್ಷ ತುಂಬಿರಬೇಕು, ಹೆಂಡತಿಯ ಒಪ್ಪಿಗೆ ಇರಬೇಕು. ದೀಕ್ಷೆಯ ನಂತರ ಹೆಂಡತಿ ತೀರಿಕೊಂಡರೆ ಮತ್ತೆ ಮದುವೆಯಾಗುವಂತಿಲ್ಲ. ಹೊರಗೆ ಉದ್ಯೋಗ ಇರುವವನು, ಅಥವಾ ಇದ್ದವನು, ಆ ಆದಾಯದಲ್ಲೇ ಸಂಸಾರ ಸಾಗಿಸಬೇಕು. ಪೂರ್ಣಾವಧಿ ಸೇವೆ ಮಾಡುವವನಿಗೆ ಮಾತ್ರ ಚರ್ಚು ಜೀವನಾಂಶ ಕೊಡಬೇಕು. ಜ್ಞಾನಸ್ನಾನ ಕೊಡಬಹುದು, ಮದುವೆ ನಡೆಸಬಹುದು, ಪ್ರಬೋಧನೆ ಮಾಡಬಹುದು, ಅಂತ್ಯಕ್ರಿಯೆ ನೆರವೇರಿಸಬಹುದು. ಬಲಿಪೂಜೆ, ಪಾಪನಿವೇದನೆ, ರೋಗಿಗಳ ಅಭ್ಯಂಗ ಗುರುಗಳಿಗೇ ಮೀಸಲು.

ಭಾರತದಲ್ಲಿ ಮುಂಬಯಿಯಂಥ ಕಡೆ ಈ ಪದ್ಧತಿ ಜಾರಿಗೆ ಬಂದಿದೆಯಾದರೂ ಒಟ್ಟಾರೆ ಅಪರೂಪವೇ. ಮೈಸೂರಿನ ಜನ ಸಾಮಾನ್ಯವಾಗಿ ಕಾಣುವ ಡೀಕನ್, ಗುರುದೀಕ್ಷೆಗೆ ಮುನ್ನ ಕನಿಷ್ಠ ಆರು ತಿಂಗಳು ಆ ಪದವಿಯಲ್ಲಿರುವ ಅವಿವಾಹಿತ ತರುಣ. ಗುರುಗಳ ಸಂಖ್ಯೆ ಹೆಚ್ಚಿದ್ದು, ಊರೂರಿಗೆ ರಸ್ತೆ, ಮೋಟಾರು ಬಂದದ್ದು ಇದಕ್ಕೆ ಕಾರಣಗಳಲ್ಲಿ ಕೆಲವು. ಸಂತ ಅಂತೋಣಿಯವರ ದೋರನಹಳ್ಳಿಗೆ ಒಂದು ಕಾಲದಲ್ಲಿ ಗಾಡಿ ಕಟ್ಟಿಕೊಂಡು ಹೋಗಬೇಕಿತ್ತು; ಈಗ ನಗರದಿಂದ ಹೊರಟರೆ ಎರಡು ಗಂಟೆಯೊಳಗೆ ತಲುಪಬಹುದು. ಪಾದ್ರಿಗಳು ಹತ್ತಿರವಾದಷ್ಟೂ ಉಪದೇಶಿಯ ಕೆಲಸ ಕುಗ್ಗಿ, ಮಕ್ಕಳ ಭಾನುವಾರದ ಧರ್ಮಪಾಠದ ಮಟ್ಟಿಗೆ ನಿಂತಿತು. ಆ ಪಾಠವನ್ನು ಇಂದು ಹೆಚ್ಚಾಗಿ ನಡೆಸುತ್ತಿರುವವರು ಕನ್ಯಾಸ್ತ್ರೀಯರು ಮತ್ತು ಗೃಹಿಣಿಯರು.

2021ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸರು ಉಪದೇಶಿಯ ಕೆಲಸವನ್ನು ಗಂಡಸರು, ಹೆಂಗಸರು ಇಬ್ಬರಿಗೂ ತೆರೆದಿರುವ ಅಧಿಕೃತ ಸೇವೆಯೆಂದು ಘೋಷಿಸಿದರು. ಅದನ್ನು ವಹಿಸಿಕೊಡುವ ವಿಧಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಡೀಕನ್ ದೀಕ್ಷೆ ಇಂದಿಗೂ ಗಂಡಸರಿಗಷ್ಟೇ ಸಲ್ಲುತ್ತದೆ.